ಹಾಲು ಬಿಟ್ಟ ಗಾಂಧೀಜಿ

ವಿದೇಶದಲ್ಲಿರೋ ಮಗಳು ಹಾಲು-ಮೊಸರನ್ನೂ ಬಿಟ್ಟಿದ್ದಾಳೆ ಅಂತ ಚಿಂತೆಯೇ? 1927ರಲ್ಲಿ ನಮ್ಮ ಸಾಗರಕ್ಕೂ ಬಂದಿದ್ದ ಗಾಂಧೀಜಿ ಕಥೆ ಕೇಳಿ.

1888ರಲ್ಲಿ ಓದಲು ಲಂಡನ್‌ಗೆ ಹೊರಟಾಗ, ಮಾಂಸ ಮುಟ್ಟಲ್ಲ ಅಂತ ತಾಯಿಗೆ ಮಾತು ಕೊಟ್ಟರು. ಅಲ್ಲಿ ಸಪ್ಪೆ ಊಟ ಸೇರದೆ ಅರೆಹೊಟ್ಟೆಯಲ್ಲಿದ್ದು, ಬೀದಿ ಅಲೆದು ಸಸ್ಯಾಹಾರಿ ಹೋಟೆಲ್ ಹುಡುಕಿಕೊಂಡರು. 1912ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಾಲನ್ನೂ ಬಿಟ್ಟರು. ಭಾರತಕ್ಕೆ ಬಂದ ಮೇಲೆ ಕಾಯಿಲೆ ಬಿದ್ದು ಸೊರಗಿದಾಗ, ಕಸ್ತೂರಬಾ ಮಾತಿಗೆ ಮಣಿದು ಆಡಿನ ಹಾಲು ಕುಡಿದರು. ಮನಸ್ಸಿನಲ್ಲಿ ಕೊರಗು ಉಳೀತು. ಅವರು ತೀರಿಕೊಂಡ 1948ರಲ್ಲೇ ವಿಜ್ಞಾನಿಗಳು ಬಿ12 ಜೀವಸತ್ವವನ್ನು ಬೇರ್ಪಡಿಸಿದ್ದು!

ಮಗಳನ್ನು ಬೈಯಬೇಡಿ. ತಂಬುಳಿಗೆ ಮಜ್ಜಿಗೆ ಬದಲು ತೆಂಗಿನಹಾಲು ಹಾಕೋದನ್ನು ಹೇಳಿಕೊಡಿ. ಎಳ್ಳು, ಕಾಳು, ಸೊಪ್ಪು ಧಾರಾಳವಾಗಿ ತಿನ್ನಲಿ. ಬಿ12 ಮಾತ್ರೆಯನ್ನಂತೂ ವೈದ್ಯರನ್ನು ಕೇಳಿ ತಪ್ಪದೆ ತಗೊಳ್ಳಲಿ.