ಜಯಚಾಮರಾಜ ಒಡೆಯರ್ ಮತ್ತು ಮೆಟ್ನರ್ ಸಂಗೀತ

ಮೈಸೂರು ಸಂಸ್ಥಾನದ ಕೊನೆಯ ಅರಸರಾದ ಶ್ರೀ ಜಯಚಾಮರಾಜ ಒಡೆಯರ್ ಅವರನ್ನು ಕನ್ನಡಿಗರು ಸಾಮಾನ್ಯವಾಗಿ ಮೂರು ಕಾರಣಗಳಿಗಾಗಿ ನೆನೆಯುತ್ತಾರೆ. ಸಂಸ್ಥಾನವನ್ನು ಭಾರತ ಒಕ್ಕೂಟದಲ್ಲಿ ಸೇರಿಸಿದವರು ಅವರು. ಏಕೀಕೃತ ಕನ್ನಡ ನಾಡಿನ ಪ್ರಥಮ ರಾಜ್ಯಪಾಲರು ಅವರು. ವೇದ ಪುರಾಣಗಳನ್ನು ಕನ್ನಡ ಅನುವಾದದೊಡನೆ ಸಾಮಾನ್ಯ ಓದುಗರ ಕೈಗಿತ್ತ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯ ಪೋಷಕರೂ ಅವರೇ. ಆದರೆ ಯುರೋಪಿನ ಸಂಗೀತಾಸಕ್ತರು ಅವರನ್ನು ನೆನೆಯುವುದು ಬೇರೊಂದು ಕಾರಣಕ್ಕೆ. ತನ್ನ ಕಾಲದಿಂದ ಬಹುಮಟ್ಟಿಗೆ ತಿರಸ್ಕೃತನಾಗಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರನ ಕೃತಿಗಳು ಆತನದೇ ವಾದನದಲ್ಲಿ ಇಂದಿಗೂ ಕೇಳಲು ಸಿಗುವುದಾದರೆ, ಅದರ ಋಣ ಮೈಸೂರಿಗೆ ಸಲ್ಲುತ್ತದೆ. ನಾಡಿನಲ್ಲಿ ಅಷ್ಟಾಗಿ ಪ್ರಚಾರ ಪಡೆಯದ ಈ ಸಂಗತಿ ಅವರ ವ್ಯಕ್ತಿತ್ವದ ಒಂದು ಮುಖ್ಯ ಮುಖವನ್ನು ತೋರಿಸುತ್ತದೆ.

ಜಯಚಾಮರಾಜ ಒಡೆಯರ್ ಅವರು ಜನಿಸಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಕೆಂಪುಚೆಲುವಾಜಮ್ಮಣ್ಣಿಯವರು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯ ಅರಮನೆ ಸಂಗೀತದ ಮನೆಯೇ ಆಗಿತ್ತು. ವೀಣೆಯ ವಿದ್ವಾಂಸರಿದ್ದ ಅದೇ ಆಸ್ಥಾನದಲ್ಲಿ ಪಾಶ್ಚಾತ್ಯ ವಾದ್ಯಗಳ ಮೇಳವೂ ಇತ್ತು. ಎರಡೂ ಪದ್ಧತಿಗಳ ನಾದ ಬಾಲ್ಯದಿಂದಲೇ ಕಿವಿಗೆ ಬಿದ್ದ ಈ ರಾಜಕುಮಾರರಿಗೆ ಒಂದು ತಮ್ಮದು, ಇನ್ನೊಂದು ಪರರದು ಎಂಬ ಭೇದ ಮೂಡಲಿಲ್ಲ. ಅವರ ಮನಸ್ಸು ವಿಶೇಷವಾಗಿ ಒಲಿದದ್ದು ಪಿಯಾನೊಗೆ. 1938ರಲ್ಲಿ ಮಹಾರಾಜಾ ಕಾಲೇಜಿನಿಂದ ಪದವಿ ಪಡೆದು, ಮರುವರ್ಷ ಯುರೋಪಿನ ಪ್ರವಾಸ ಕೈಗೊಂಡಾಗ ಅಲ್ಲಿನ ಕಲಾವಿದರ, ವಿದ್ವಾಂಸರ ಪರಿಚಯವಾಯಿತು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪಿಯಾನೊ ಪರೀಕ್ಷೆಯಲ್ಲಿ ಅವರು ತೇರ್ಗಡೆ ಹೊಂದಿದರು. ಸಭೆಗಳಲ್ಲಿ ನುಡಿಸುವ ಪಿಯಾನೊ ವಾದಕರಾಗಬೇಕೆಂಬುದು ಅವರ ಹಂಬಲವಾಗಿತ್ತು.

ಆ ಹಂಬಲ ಕೈಗೂಡಲಿಲ್ಲ. 1940ರ ಮಾರ್ಚ್ 11ರಂದು ಯುವರಾಜರು ಮುಂಬಯಿಯಲ್ಲಿ ತೀರಿಕೊಂಡರು. ಐದು ತಿಂಗಳು ಕಳೆಯುವ ಮೊದಲೇ, ಆಗಸ್ಟ್ 3ರಂದು, ನಾಲ್ವಡಿಯವರೂ ಕಾಲವಾದರು. ಸೆಪ್ಟೆಂಬರ್ 8ರಂದು ಇಪ್ಪತ್ತೊಂದರ ತರುಣ ಸಿಂಹಾಸನವೇರಬೇಕಾಯಿತು. ರಾಜ್ಯಭಾರವನ್ನು ಹೊತ್ತವನಿಗೆ ದಿನದ ಹಲವು ಗಂಟೆಗಳ ಸಾಧನೆಯನ್ನು ಬೇಡುವ ವಾದಕನ ಬದುಕು ಸಾಧ್ಯವಿರಲಿಲ್ಲ. ನುಡಿಸುವ ದಾರಿ ಮುಚ್ಚಿದ ಮೇಲೆ ಅವರಿಗೆ ಉಳಿದದ್ದು ಕೇಳುವ ದಾರಿ. ಅರಮನೆಯಲ್ಲಿ ಗ್ರಾಮಫೋನ್ ತಟ್ಟೆಗಳ ಭಂಡಾರ ಬೆಳೆಯುತ್ತ ಹೋಗಿ ಕ್ರಮೇಣ ಸುಮಾರು 20,000 ಸಂಖ್ಯೆಯನ್ನು ಮುಟ್ಟಿತೆಂದು ಅಂದಾಜು. ಮೆಟ್ನರ್ ಸಂಗೀತದಲ್ಲಿ ಅವರ ಆಸಕ್ತಿ ಗಾಢವಾದದ್ದು ಈ ಹಿನ್ನೆಲೆಯಲ್ಲಿ.

ಮೆಟ್ನರ್ 1880ರಲ್ಲಿ ಮಾಸ್ಕೊದಲ್ಲಿ ಹುಟ್ಟಿದವನು; ರಖ್ಮಾನಿನೊಫ್‌ನ ಆಪ್ತ ಮಿತ್ರ. ಮೂರು ಪಿಯಾನೊ ಕನ್ಸರ್ಟೊಗಳನ್ನೂ ಹದಿನಾಲ್ಕು ಸೊನಾಟಗಳನ್ನೂ ನೂರಕ್ಕೂ ಮಿಕ್ಕ ಗೀತೆಗಳನ್ನೂ ರಚಿಸಿದ ಈತ 1921ರಲ್ಲಿ ರಷ್ಯವನ್ನು ಬಿಟ್ಟು, ಜರ್ಮನಿ ಫ್ರಾನ್ಸುಗಳಲ್ಲಿ ನೆಲೆ ಹುಡುಕಿ, ಕೊನೆಗೆ ಲಂಡನ್ನಿಗೆ ಬಂದ. ಹೊಸತನದ ಹೆಸರಿನಲ್ಲಿ ರಾಗಸಂಬಂಧಗಳನ್ನೇ ಮುರಿಯುತ್ತಿದ್ದ ಸಮಕಾಲೀನರನ್ನು ಆತ ಒಪ್ಪಲಿಲ್ಲ. ತನ್ನ ನಿಲುವನ್ನು ಸಮರ್ಥಿಸಿ 1935ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದ. ಫಲವಾಗಿ ನವ್ಯರಿಗೆ ಆತ ಹಳಬನಾದ. ಇತ್ತ ಅವನ ಬರಹ ಜಟಿಲವಾದುದರಿಂದ ಸಾಮಾನ್ಯ ಶ್ರೋತೃಗಳಿಗೂ ಸುಲಭವಾಗಿ ದಕ್ಕಲಿಲ್ಲ. ಯುದ್ಧ ಬಂದೊಡನೆ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಆದಾಯ ನಿಂತಿತು. 1942ರಲ್ಲಿ ಹೃದಯಾಘಾತವಾಯಿತು. ಶಿಷ್ಯೆಯೊಬ್ಬಳ ಮನೆಯ ಆಶ್ರಯದಲ್ಲಿ ಮೂರನೆಯ ಕನ್ಸರ್ಟೊವನ್ನು ಮುಗಿಸಿ, 1944ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಏಡ್ರಿಯನ್ ಬೋಲ್ಟ್‌ರ ನಿರ್ದೇಶನದಲ್ಲಿ ತಾನೇ ಅದನ್ನು ನುಡಿಸಿದ. ಆದರೆ ಕಛೇರಿ ಮುಗಿದೊಡನೆ ನಾದವೂ ಮುಗಿಯುತ್ತದೆ. ಅದು ಉಳಿಯಬೇಕಾದರೆ ಧ್ವನಿಮುದ್ರಣವಾಗಬೇಕು.

ಅಂದಿನ ಧ್ವನಿಮುದ್ರಣ ಸುಲಭದ ಕೆಲಸವಾಗಿರಲಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಬದಿ ನಾಲ್ಕೈದು ನಿಮಿಷಗಳನ್ನಷ್ಟೇ ಹಿಡಿಯುತ್ತಿತ್ತು. ಅರ್ಧ ಗಂಟೆಗೂ ದೀರ್ಘವಾದ ಕನ್ಸರ್ಟೊವೊಂದಕ್ಕೆ ನಾಲ್ಕೈದು ತಟ್ಟೆಗಳು ಬೇಕು. ಪೂರ್ಣ ವಾದ್ಯವೃಂದದ ಸಂಭಾವನೆ ಬೇರೆ. ಕೊಳ್ಳುವವರು ಬೆರಳೆಣಿಕೆಯಷ್ಟಿರುವ ಸಂಗೀತಕ್ಕೆ ಯಾವ ಕಂಪನಿಯೂ ಇಷ್ಟು ಹಣ ಸುರಿಯುವುದಿಲ್ಲ. ಈ ಕೊರತೆಯನ್ನು ತುಂಬಲು ಜಯಚಾಮರಾಜ ಒಡೆಯರ್ ಮುಂದಾದರು. ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಸ್ಥಾಪನೆಯಾಯಿತು. ಆತನ ಸಮಸ್ತ ಕೃತಿಗಳನ್ನೂ ಆತನ ಜೀವಿತಕಾಲದಲ್ಲೇ ಮುದ್ರಿಸಿಡುವುದು ಅದರ ಗುರಿಯಾಗಿತ್ತು; ವೆಚ್ಚ ಮಹಾರಾಜರದು.

ಧ್ವನಿಮುದ್ರಣ ಕಂಪನಿಯ ಕಡೆಯಿಂದ ಈ ಕಾರ್ಯವನ್ನು ನಡೆಸಿದವರು 1945ರಲ್ಲಿ ಫಿಲ್ಹಾರ್ಮೋನಿಯ ವಾದ್ಯವೃಂದವನ್ನು ಕಟ್ಟಿದ್ದ ವಾಲ್ಟರ್ ಲೆಗ್. 1947ರಲ್ಲಿ ಇದೇ ವಾದ್ಯವೃಂದದೊಡನೆ ಮೆಟ್ನರ್ ತನ್ನ ಕನ್ಸರ್ಟೊಗಳನ್ನು ನುಡಿಸಿದ. ಎರಡನೆಯ ಮತ್ತು ಮೂರನೆಯ ಕೃತಿಗಳನ್ನು ನಿರ್ದೇಶಿಸಿದವರು ಇಸ್ಸಾಯ್ ಡೊಬ್ರೊವೆನ್. ಅವರೂ ರಷ್ಯವನ್ನು ಬಿಟ್ಟು ಬಂದವರಾದ್ದರಿಂದ ಆ ಸಂಗೀತದ ಒಳದನಿ ಅವರಿಗೆ ಪರಿಚಿತವಾಗಿತ್ತು. ಮೊದಲನೆಯ ಕೃತಿಯ ನಿರ್ದೇಶನ ಜಾರ್ಜ್ ವೆಲ್ಡನ್ ಅವರದು. ಮುಂದೆ ಸೊನಾಟಗಳೂ ಚಿಕ್ಕ ಕೃತಿಗಳೂ ಮುದ್ರಣಗೊಂಡವು. ಒಂದು ಕೃತಿಯಲ್ಲಿ ಬೆನ್ನೊ ಮೊಯ್ಸೆವಿಚ್ ಜೊತೆಯ ಪಿಯಾನೊ ನುಡಿಸಿದರು. 1950ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಗೀತೆಗಳನ್ನು ಹಾಡಿದಾಗ ಎಪ್ಪತ್ತರ ಮೆಟ್ನರ್ ತಾನೇ ಪಿಯಾನೊಗೆ ಕುಳಿತ. ಕೃತಜ್ಞತೆಯ ಕುರುಹಾಗಿ ತನ್ನ ಮೂರನೆಯ ಕನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಸಮಸ್ತ ಕೃತಿಗಳೂ ಮುದ್ರಣಗೊಳ್ಳುವ ಮೊದಲೇ, 1951ರ ನವೆಂಬರ್ 13ರಂದು, ಲಂಡನ್ನಿನಲ್ಲಿ ಆತ ನಿಧನನಾದ.

ಪೋಷಣೆ ಮೆಟ್ನರ್ ಒಬ್ಬನಿಗೇ ಸೀಮಿತವಾಗಲಿಲ್ಲ. ಲೆಗ್ ಮೈಸೂರಿಗೆ ಬಂದು ಅರಮನೆಯ ಅತಿಥಿಯಾಗಿದ್ದಾಗ, ವಾದ್ಯವೃಂದ ನೆಲೆಯೂರಲು ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷ ನೆರವು ನೀಡಲು ಮಹಾರಾಜರು ಒಪ್ಪಿದರು. 1948ರಲ್ಲಿ ಫಿಲ್ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾದರು. ಹೆರ್ಬರ್ಟ್ ಫಾನ್ ಕರಾಯನ್ 1949ರಲ್ಲಿ ಮುದ್ರಿಸಿದ ಬಲಾಕಿರೆವ್‌ನ ಮೊದಲ ಸಿಂಫನಿ, ರೂಸೆಲ್‌ನ ನಾಲ್ಕನೆಯ ಸಿಂಫನಿ ಇವೂ ಮೈಸೂರಿನ ನೆರವಿನಿಂದ ಹೊರಬಂದವು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ತನ್ನ ಕೊನೆಯ ನಾಲ್ಕು ಗೀತೆಗಳನ್ನು ಕೇಳದೆಯೇ 1949ರಲ್ಲಿ ತೀರಿಕೊಂಡಿದ್ದ. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವುಗಳನ್ನು ಮೊದಲ ಬಾರಿಗೆ ಹಾಡಿದರು. ಅದರ ವೆಚ್ಚಕ್ಕೆ 4,800 ಡಾಲರುಗಳ ಖಾತರಿ ನೀಡಿದವರು ಜಯಚಾಮರಾಜ ಒಡೆಯರ್. ಆ ಸಂಜೆ ಅವರು ಸಭಾಂಗಣದಲ್ಲಿರಲಿಲ್ಲ. ಅಲ್ಲಿನ ನಾದ ತಟ್ಟೆಗಳ ರೂಪದಲ್ಲಿ ಕಡಲು ದಾಟಿ ಬರಬೇಕಾಯಿತು.

ಇಲ್ಲಿ ಒಂದು ಪ್ರಶ್ನೆಯನ್ನು ಮರೆಮಾಚಲಾಗದು. ಮೆಟ್ನರ್ ಲಂಡನ್ನಿನಲ್ಲಿ ಕನ್ಸರ್ಟೊಗಳನ್ನು ನುಡಿಸಿದ 1947ರಲ್ಲೇ ಮೈಸೂರಿನ ಬೀದಿಗಳಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿ ನಡೆದಿತ್ತು. ಜನ ಸೆರೆಮನೆಗಳನ್ನು ತುಂಬುತ್ತಿದ್ದರು. ಅಂಥ ಹೊತ್ತಿನಲ್ಲಿ ದೂರದ ನಾಡಿನ ಸಂಗೀತಕ್ಕೆ ಅರಸರ ಹಣ ಹರಿಯುವುದು ನ್ಯಾಯವೇ? ಈ ಪ್ರಶ್ನೆಗೆ ಪೂರ್ಣ ಸಮಾಧಾನ ಹೇಳುವುದು ಕಷ್ಟ. ಅರಸೊತ್ತಿಗೆಯ ಔದಾರ್ಯಕ್ಕೆ ಪ್ರಜೆಗಳ ಒಪ್ಪಿಗೆಯ ಕಟ್ಟಿರಲಿಲ್ಲ ಎಂಬುದು ನಿಜ. ಆದರೆ ಆ ಹಣ ಭೋಗಕ್ಕಾಗಲಿ, ಆತ್ಮಪ್ರಶಂಸೆಗಾಗಲಿ ವ್ಯಯವಾಗಲಿಲ್ಲ. ಮುದಿತನ ರೋಗಗಳ ನಡುವೆ ಕೈಬೆರಳುಗಳಲ್ಲಿ ಇನ್ನೂ ಶಕ್ತಿಯಿದ್ದ ಒಬ್ಬ ಕಲಾವಿದನ ನಾದವನ್ನು ಅದು ಉಳಿಸಿತು. ಇನ್ನು ಐದು ವರ್ಷ ತಡವಾಗಿದ್ದರೆ ಉಳಿಸಲು ಏನೂ ಇರುತ್ತಿರಲಿಲ್ಲ.

ಪಾಶ್ಚಾತ್ಯ ಸಂಗೀತದ ಮೋಹದಲ್ಲಿ ಅವರು ಮನೆಯ ಸಂಗೀತವನ್ನು ಮರೆತರೆಂದು ಭಾವಿಸಬಾರದು. ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನು ಅಭ್ಯಸಿಸಿ, ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಕೃತಿರಚನೆಗೆ ತೊಡಗಿ, ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಸಂಸ್ಕೃತ ಕೀರ್ತನೆಗಳನ್ನು ರಚಿಸಿದರು. ಅಪೂರ್ವ ರಾಗಗಳನ್ನೂ ಬಳಸಿದ ಈ ಕೃತಿಗಳಲ್ಲಿ ದೇವೀಭಕ್ತಿಯೂ ಶಾಸ್ತ್ರಪಾಂಡಿತ್ಯವೂ ಒಂದಾಗಿವೆ. ಪರರ ಸಂಗೀತಕ್ಕೆ ಇಷ್ಟು ಪ್ರಚಾರ ಒದಗಿಸಿದವರು ತಮ್ಮ ಕೃತಿಗಳ ಪ್ರಚಾರಕ್ಕೆ ಆ ಆತುರ ತೋರಲಿಲ್ಲ. ಅವು ಒಟ್ಟಾಗಿ ಶ್ರೀವಿದ್ಯಾ ಗಾನ ವಾರಿಧಿ ಎಂಬ ಗ್ರಂಥವಾಗಿ ಪ್ರಕಟವಾದದ್ದು 2010ರಲ್ಲಿ.

ಅರಸೊತ್ತಿಗೆ ಮುಗಿದ ಮೇಲೆ ಅವರು 1956ರವರೆಗೆ ರಾಜಪ್ರಮುಖರಾಗಿ, 1964ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿ, ಅನಂತರ 1966ರವರೆಗೆ ಮದರಾಸಿನ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿ ತನ್ನ ಫೆಲೋಷಿಪ್ ನೀಡಿ ಗೌರವಿಸಿತು. 1974ರ ಸೆಪ್ಟೆಂಬರ್ 23ರಂದು, ಐವತ್ತೈದನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಅವರು ನಿಧನರಾದರು.

ಮೆಟ್ನರ್ ಸಂಗೀತಕ್ಕೆ ನಿಜವಾದ ಪುನರುಜ್ಜೀವನ ದೊರೆತದ್ದು ಅವರು ಕಣ್ಮರೆಯಾದ ಬಳಿಕ. 1990ರ ದಶಕದಲ್ಲಿ ಜೆಫ್ರಿ ಟೋಜರ್ ಅವರು ನೀಮೆ ಯಾರ್ವಿ ನಿರ್ದೇಶನದ ವಾದ್ಯವೃಂದದೊಡನೆ ಕನ್ಸರ್ಟೊಗಳನ್ನೂ, ಮಾರ್ಕ್ ಆಂದ್ರೆ ಆಮ್ಲಾಂ ಅವರು ಎಲ್ಲ ಸೊನಾಟಗಳನ್ನೂ ಧ್ವನಿಮುದ್ರಿಸಿದರು. ಹಳೆಯ ತಟ್ಟೆಗಳೂ ಹೊಸ ರೂಪದಲ್ಲಿ ಮರಳಿ ಬಂದವು. ಈ ಕೃತಿಗಳನ್ನು ಇಂದು ನುಡಿಸಲು ಹೊರಡುವವರು, ಕರ್ತೃವಿನ ಆಶಯವೇನೆಂಬ ಸಂದೇಹ ಬಂದಾಗ, ಕರ್ತೃವಿನ ವಾದನವನ್ನೇ ಕೇಳಿ ಪರಿಹರಿಸಿಕೊಳ್ಳಬಹುದು. ಪಿಯಾನೊ ವಾದಕನಾಗುವ ಅವಕಾಶವನ್ನು ಸಿಂಹಾಸನಕ್ಕೆ ಒಪ್ಪಿಸಿದ ಅರಸನೊಬ್ಬ ಇನ್ನೊಬ್ಬ ವಾದಕನಿಗೆ ಒದಗಿಸಿಕೊಟ್ಟ ಭಾಗ್ಯವಿದು.