ಅಡಿಕೆಯ ಕೊಳೆರೋಗ, ಕಾಫಿಯ ತುಕ್ಕು, ಜರಿಗಿಡದ ಕಂದು ಚುಕ್ಕಿ: ಎಲ್ಲವೂ ಒಂದೇನಾ? ಕೆನಡಾದ ಕೋಲ್ಮನ್ ಕಲಿಸಿಕೊಟ್ಟ ಪಾಠ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಯಾವುದೇ ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಹೋಗಿ. ಅಂಚಿನಲ್ಲಿ ಬೆಳೆದ ಜರಿಗಿಡದ ಎಲೆಯನ್ನು ಮಗುಚಿ ನೋಡಿದರೆ ಸಾಲಾಗಿ ಕಂದು ಚುಕ್ಕಿಗಳು ಕಾಣುತ್ತವೆ, ಮುಟ್ಟಿದರೆ ಬೆರಳಿಗೆ ಪುಡಿ ಅಂಟುತ್ತದೆ. ಇದು ತುಕ್ಕು ರೋಗ, ತೋಟಕ್ಕೂ ಹರಡೀತು ಎಂದು ಹೆದರುವವರಿದ್ದಾರೆ.

ಹೆದರಬೇಕಿಲ್ಲ. ಜರಿಗಿಡಕ್ಕೆ ಹೂವು, ಬೀಜ ಇಲ್ಲ. ಎಲೆಯ ಬೆನ್ನಿನ ಆ ಚುಕ್ಕಿಗಳು ಅದರ ಸಂತಾನೋತ್ಪತ್ತಿಯ ಬೀಜಕಗಳ ಗುಂಪು, ರೋಗವಲ್ಲ. ಜರಿಗಿಡಕ್ಕೆ ನಿಜವಾದ ತುಕ್ಕು ರೋಗವೂ ಬರುತ್ತದೆ, ಆದರೆ ಅದರ ಪುಡಿ ಎಷ್ಟೋ ಬಾರಿ ಬೆಳ್ಳಗಿರುತ್ತದೆ! ಅದನ್ನು ತರುವ ಶಿಲೀಂಧ್ರಗಳಿಗೂ ಅಡಿಕೆಗೂ ಸಂಬಂಧವಿಲ್ಲ.

ಕಣ್ಣಿಗೆ ಒಂದೇ ಥರ ಕಂಡದ್ದೆಲ್ಲ ಒಂದೇ ಅಲ್ಲ. ಮಲೆನಾಡಿನ ಕೃಷಿಯಲ್ಲಿ ಈ ಮಾತಿನ ಬೆಲೆ ತೋರಿಸಿಕೊಟ್ಟವರಲ್ಲಿ ಮುಖ್ಯರು ಲೆಸ್ಲಿ ಚಾರ್ಲ್ಸ್ ಕೋಲ್ಮನ್.

ಕೆನಡಾದಿಂದ ಮೈಸೂರಿಗೆ

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೋದಲ್ಲಿ. ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ಓದಿ, ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದರು. 1908ರಲ್ಲಿ ಮೈಸೂರು ಸಂಸ್ಥಾನ ಅವರನ್ನು ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ನೇಮಿಸಿಕೊಂಡಿತು. ಆಗ ಅವರಿಗೆ ಮೂವತ್ತು ವರ್ಷ.

ಮಲೆನಾಡಿನಲ್ಲಿ ಅವರಿಗೆ ಎದುರಾದ ದೊಡ್ಡ ಸಮಸ್ಯೆ ಕೊಳೆರೋಗ. ಮಳೆ ಹಿಡಿದು ಕೂತರೆ ಎಳೆ ಅಡಿಕೆಯ ಮೇಲೆ ನೀರು ಕುಡಿದಂಥ ಕಲೆ ಬಿದ್ದು, ಕಾಯಿ ಕೊಳೆತು ಉದುರುತ್ತಿತ್ತು. ವರ್ಷದ ದುಡಿಮೆ ಕೆಲವೇ ವಾರಗಳಲ್ಲಿ ನೆಲದ ಪಾಲು. ಕೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವುದು ರೈತರಿಗೆ ಗೊತ್ತಿದ್ದ ಉಪಾಯ. ಆದರೆ ಎತ್ತರದ ಮರ ಹತ್ತಿ ಒಂದೊಂದೇ ಕೊನೆಗೆ ಕಟ್ಟುವುದು ಸುಲಭದ ಕೆಲಸವಲ್ಲ.

ಮಳೆಯಲ್ಲ, ಮಳೆಯಲ್ಲಿ ಈಜುವ ಜೀವಿ

ಕೋಲ್ಮನ್ ಮೊದಲು ಮದ್ದು ಹುಡುಕಲಿಲ್ಲ, ರೋಗ ತರುವವರು ಯಾರು ಎಂದು ಹುಡುಕಿದರು. ಕೊಳೆತ ಕಾಯಿಯಿಂದ ಸೂಕ್ಷ್ಮಜೀವಿಯನ್ನು ಬೇರ್ಪಡಿಸಿ ಅಧ್ಯಯನ ಮಾಡಿದರು. ಅದು ಫೈಟೋಫ್ತೊರಾ ಕುಲದ್ದು ಎಂದು ಗುರುತಿಸಿ, 1910ರಲ್ಲಿ ಮೈಸೂರು ಕೃಷಿ ಇಲಾಖೆಯ ಮೂಲಕ ಪುಸ್ತಿಕೆ ಪ್ರಕಟಿಸಿದರು. 1845ರಲ್ಲಿ ಐರ್ಲೆಂಡ್‌ನ ಆಲೂಗಡ್ಡೆ ಬೆಳೆಯನ್ನು ನಾಶ ಮಾಡಿ ಭೀಕರ ಬರಗಾಲ ತಂದದ್ದೂ ಇದೇ ಕುಲದ ಜೀವಿ.

ಈ ಜೀವಿಯ ಬೀಜಕಗಳಿಗೆ ಪುಟ್ಟ ಬಾಲಗಳಿವೆ. ತೆಳುವಾದ ನೀರಿನ ಪದರ ಇದ್ದರೂ ಸಾಕು, ಈಜುತ್ತವೆ. ಅಂದರೆ ಮಳೆಯೇ ರೋಗವಲ್ಲ, ಮಳೆ ರೋಗದ ವಾಹನ. ಮಳೆ ಶುರುವಾಗುವ ಮೊದಲೇ ಕಾಯಿಗೆ ರಕ್ಷಣೆ ಕೊಟ್ಟರೆ ಬೆಳೆ ಉಳಿಯುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಮದ್ದು ಫ್ರಾನ್ಸ್‌ನಲ್ಲಿ ಆಗಲೇ ಇತ್ತು. ಅಲ್ಲಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಿಗಾಗಿ 1885ರ ಹೊತ್ತಿಗೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಬಳಕೆಗೆ ಬಂದಿತ್ತು. ಕೋಲ್ಮನ್ ಅದನ್ನು ಅಡಿಕೆ ಕೊನೆಗಳ ಮೇಲೆ ಪ್ರಯೋಗಿಸಿದರು. ಸಿಂಪಡಿಸಿದ ಮರಗಳಲ್ಲಿ ಕಾಯಿ ಉಳಿಯಿತು.

ಆ ಕಾಲಕ್ಕೆ ಶಿರಸಿ ಸೀಮೆ ಮುಂಬೈ ಪ್ರಾಂತ್ಯದಲ್ಲಿತ್ತು, ಪಕ್ಕದ ಸಾಗರ ಮೈಸೂರು ಸಂಸ್ಥಾನದಲ್ಲಿತ್ತು. ಆಡಳಿತದ ಗಡಿ ರೋಗಕ್ಕೂ ಇರಲಿಲ್ಲ, ಮದ್ದಿಗೂ ಇರಲಿಲ್ಲ. ಇಂದು ಮುಂಗಾರಿಗೆ ಮುನ್ನ ಕೊನೆಗೌಡರಿಗೆ ಕಾಯುತ್ತ, ಡ್ರಮ್ಮಿನಲ್ಲಿ ನೀಲಿ ದ್ರಾವಣ ಕಲಸುವ ಪ್ರತಿ ಮನೆಯಲ್ಲೂ ಆ ಕೆಲಸದ ಮುಂದುವರಿಕೆ ಇದೆ.

ಕಾಫಿಯ ತುಕ್ಕು ಬೇರೆಯೇ ಕಥೆ

1913ರಲ್ಲಿ ಕೋಲ್ಮನ್ ಮೈಸೂರಿನ ಕೃಷಿ ನಿರ್ದೇಶಕರಾದರು. ಬೆಂಗಳೂರಿನ ಹೆಬ್ಬಾಳದ ಕೃಷಿ ಶಾಲೆ, ಮಂಡ್ಯದ ಸಕ್ಕರೆ ಕಾರ್ಖಾನೆ ಇವುಗಳ ಹಿಂದೆ ಅವರ ಶ್ರಮವಿದೆ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಶುರುವಾಗಲೂ ಅವರು ಕಾರಣರು.

ಕಾಫಿಗೆ ಕಾಡುತ್ತಿದ್ದದ್ದು ಎಲೆ ತುಕ್ಕು. 1869ರಲ್ಲಿ ಸಿಲೋನಿನಲ್ಲಿ, ಅಂದರೆ ಇಂದಿನ ಶ್ರೀಲಂಕಾದಲ್ಲಿ, ಕಾಣಿಸಿಕೊಂಡ ಈ ರೋಗ ಅಲ್ಲಿನ ಕಾಫಿ ಉದ್ಯಮವನ್ನೇ ಮುಗಿಸಿತು. ಕಾಫಿ ಇದ್ದಲ್ಲಿ ಚಹಾ ಬಂತು. ಬಾಳೆಹೊನ್ನೂರಿನಲ್ಲಿ ಡಬ್ಲ್ಯು. ಡಬ್ಲ್ಯು. ಮೇಯ್ನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಇನ್ನೊಂದು ಸಂಗತಿ ಕಂಡುಕೊಂಡರು: ಈ ತುಕ್ಕು ಶಿಲೀಂಧ್ರದಲ್ಲೇ ಬೇರೆ ಬೇರೆ ತಳಿಗಳಿವೆ, ಒಂದನ್ನು ತಡೆಯುವ ಕಾಫಿ ಗಿಡ ಇನ್ನೊಂದಕ್ಕೆ ಸೋಲಬಹುದು.

ತುಕ್ಕು ಶಿಲೀಂಧ್ರಗಳ ವಂಶವೃಕ್ಷದ ಬಗ್ಗೆಯೂ ಒಂದು ನಂಬಿಕೆ ಬಹುಕಾಲ ಇತ್ತು. ಜರಿಗಿಡಗಳು ಅತಿ ಪ್ರಾಚೀನ ಸಸ್ಯಗಳು, ಹಾಗಾಗಿ ಅವುಗಳ ಮೇಲಿನ ತುಕ್ಕುಗಳೇ ಎಲ್ಲಕ್ಕಿಂತ ಹಳೆಯವು ಎಂದು ವಿಜ್ಞಾನಿಗಳೇ ಭಾವಿಸಿದ್ದರು. ಈ ಶತಮಾನದಲ್ಲಿ ಡಿಎನ್ಎ ಹೋಲಿಸಿ ನೋಡಿದಾಗ ಲೆಕ್ಕ ಬದಲಾಯಿತು. ವಂಶವೃಕ್ಷದ ಬುಡದ ಹತ್ತಿರ ಕವಲೊಡೆದದ್ದು ಕಾಫಿ ತುಕ್ಕಿನ ವಂಶ, ಜರಿಗಿಡದ ತುಕ್ಕುಗಳು ಆಮೇಲೆ ಬಂದವು. ಆಶ್ರಯ ಕೊಟ್ಟ ಗಿಡ ಹಳೆಯದಾದ ಮಾತ್ರಕ್ಕೆ ಅದರ ರೋಗವೂ ಅಷ್ಟೇ ಹಳೆಯದಾಗಬೇಕಿಲ್ಲ.

ಇದರಿಂದ ನಮಗೇನು?

ಕೋಲ್ಮನ್ ಕಾಲದಲ್ಲಿ ಫೈಟೋಫ್ತೊರಾವನ್ನೂ ಶಿಲೀಂಧ್ರ ಎಂದೇ ಎಣಿಸುತ್ತಿದ್ದರು. ಇಂದಿನ ವರ್ಗೀಕರಣದಲ್ಲಿ ಅದು ಶಿಲೀಂಧ್ರವಲ್ಲ, ಕಂದು ಪಾಚಿಗಳ ದೂರದ ನೆಂಟ. ಕಾಫಿಯಲ್ಲಿ ಬರುವ ಕೊಳೆರೋಗದ ಜೀವಿ ಮಾತ್ರ ನಿಜವಾದ ಶಿಲೀಂಧ್ರ. ಎರಡಕ್ಕೂ ಕನ್ನಡದಲ್ಲಿ ಒಂದೇ ಹೆಸರು, ಜೀವಿಗಳು ಬೇರೆ ಬೇರೆ.

ಇದು ಬರೀ ಪಂಡಿತರ ಚರ್ಚೆಯಲ್ಲ, ರೈತರ ಜೇಬಿನ ಪ್ರಶ್ನೆ. ನಿಜವಾದ ಶಿಲೀಂಧ್ರದ ಕೋಶಪೊರೆಗೆ ಬೇಕಾದ ಒಂದು ವಸ್ತು ತಯಾರಾಗದಂತೆ ತಡೆಯುವ ಔಷಧಿಗಳಿವೆ, ಹೆಕ್ಸಾಕೊನಜೋಲ್ ಅಂಥದ್ದು. ಫೈಟೋಫ್ತೊರಾ ಆ ವಸ್ತುವನ್ನು ತಯಾರಿಸುವುದೇ ಇಲ್ಲ. ಹಾಗಾಗಿ ತುಕ್ಕಿಗೆ ಕೆಲಸ ಮಾಡುವ ಅಂಥ ಔಷಧಿಯನ್ನು ಅಡಿಕೆ ಕೊಳೆಗೆ ಹೊಡೆದರೆ ದುಡ್ಡು ದಂಡ. ತಾಮ್ರ ಇರುವ ಬೋರ್ಡೋ ದ್ರಾವಣ ಎರಡಕ್ಕೂ ನಡೆಯುತ್ತದೆ, ಅದಕ್ಕೇ ಇಷ್ಟು ವರ್ಷ ಉಳಿದಿದೆ.

ಅಡಿಕೆಗೆ ಬಳಸುವ ಶೇ. 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಣ್ಣ, 100 ಲೀಟರ್ ನೀರು. ಮೈಲುತುತ್ತ ಹೆಚ್ಚು ಹಾಕಿದರೆ ಹೆಚ್ಚು ಗುಣ ಎಂಬುದು ತಪ್ಪು. ಹೊಳೆಯುವ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ. ಕೆಂಪು ಲೇಪ ಹಿಡಿದರೆ ಹುಳಿ ಹೆಚ್ಚಾಗಿದೆ ಎಂದರ್ಥ, ಇನ್ನಷ್ಟು ಸುಣ್ಣ ಬೇಕು. ಮಳೆಗೆ ಮುನ್ನ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸಿ. ಉದುರಿದ ಕೊಳೆ ಕಾಯಿಗಳನ್ನು ತೋಟದಿಂದ ಹೊರಗೆ ಹಾಕಿ.

ಕೋಲ್ಮನ್ 1934ರಲ್ಲಿ ಮೈಸೂರಿನ ಸೇವೆ ಮುಗಿಸಿದರು, 1954ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಕ್ರಮ ಸರಳ: ಮೊದಲು ರೋಗ ತರುವ ಜೀವಿ ಯಾವುದೆಂದು ತಿಳಿ, ಆಮೇಲೆ ಮದ್ದು ಹುಡುಕು. ಎಲ್ಲ ರೋಗಕ್ಕೂ ಒಂದೇ ಔಷಧಿ ಎನ್ನುವ ಮೆಸೇಜ್ ನಿಮ್ಮ ಊರಿನ ಗುಂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಕೇಳಿ: ಯಾವ ಬೆಳೆ, ಯಾವ ಜೀವಿ? ಉತ್ತರ ಇಲ್ಲದಿದ್ದರೆ ಅದನ್ನು ಅಲ್ಲಿಗೇ ನಿಲ್ಲಿಸಿ, ರೋಗ ತಾಗಿದ ಕಾಯಿಯನ್ನೋ ಎಲೆಯನ್ನೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.