ಮೈದಾನದ ಮೇಷ್ಟ್ರು ಸೈಯದ್ ಅಬ್ದುಲ್ ರಹೀಂ

ಹಿಂದೆ ಗುರು, ಮುಂದೆ ಗುರಿ ಇರಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆದರೆ ಗುರಿ ಮುಟ್ಟಿದವರ ಹೆಸರು ನೆನಪಿಡುವಷ್ಟು ಸುಲಭವಾಗಿ, ಅವರ ಹಿಂದೆ ನಿಂತ ಗುರುವಿನ ಹೆಸರನ್ನು ನಾವು ನೆನಪಿಡುವುದಿಲ್ಲ. ಬಹ್ರೇನಿನ ರಾಷ್ಟ್ರೀಯ ಕ್ರೀಡಾಂಗಣ ಇರುವುದು ನಮ್ಮ ರಿಫಾದಲ್ಲೇ. ಬಿಸಿಲು ಇಳಿದೊಡನೆ ಇಲ್ಲಿ ಖಾಲಿ ಜಾಗ ಕಂಡಲ್ಲೆಲ್ಲ ಮಕ್ಕಳು ಚೆಂಡು ಒದೆಯಲು ಶುರು ಮಾಡುತ್ತಾರೆ. ಮೆಸ್ಸಿ, ರೊನಾಲ್ಡೊ ಅವರ ವಿವರಗಳೆಲ್ಲ ಅವರಿಗೆ ಬಾಯಿಪಾಠ. ಆದರೆ ನಮ್ಮ ಭಾರತವೂ ಫುಟ್‌ಬಾಲ್‌ನಲ್ಲಿ ಎರಡು ಬಾರಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಿತ್ತು, ಎರಡು ಬಾರಿಯೂ ಆ ತಂಡವನ್ನು ತಿದ್ದಿದವರು ಒಬ್ಬರೇ, ಅವರು ಒಬ್ಬ ಶಾಲಾ ಮಾಸ್ತರು ಎಂದು ಹೇಳಿದರೆ ಮಕ್ಕಳು ಕಣ್ಣರಳಿಸುತ್ತಾರೆ. ಆ ಮಾಸ್ತರರೇ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಅವರ ಬಾಳಿನ ಕಥೆಯನ್ನು ಈ ಪುಟಗಳಲ್ಲಿ ನಮ್ಮ ವಿದ್ಯಾರ್ಥಿಗಳಿಗೂ ಪಾಲಕರಿಗೂ ಹೇಳಬಯಸುತ್ತೇವೆ.

ರಹೀಂ ಅವರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ಸಂಸ್ಥಾನ. ಇಂದಿನ ನಮ್ಮ ಬೀದರ್, ಕಲಬುರಗಿ, ರಾಯಚೂರು ಭಾಗಗಳೂ ಅದರಲ್ಲೇ ಸೇರಿದ್ದವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಆದ್ದರಿಂದ ಕಲ್ಯಾಣ ಕರ್ನಾಟಕದಿಂದ ಬಂದ ನಮ್ಮ ಪಾಲಕರಿಗೆ ರಹೀಂ ಅವರು ಪರಊರಿನವರೇನಲ್ಲ, ಅವರ ಅಜ್ಜಂದಿರ ಕಾಲದ ರಾಜಧಾನಿಯವರು.

ರಹೀಂ ಅವರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಿ.ಎ. ಪದವಿ ಪಡೆದರು. ಓದುವಾಗ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಆಡುತ್ತಿದ್ದರು. ನಂತರ ಇಲೆವೆನ್ ಹಂಟರ್ಸ್ ಎಂಬ ಊರಿನ ತಂಡದಲ್ಲಿ ಆಡಿದರು. ಹೊಟ್ಟೆಪಾಡಿಗಾಗಿ ಹಿಡಿದದ್ದು ಶಿಕ್ಷಕ ವೃತ್ತಿ. ಕಾಚಿಗುಡ, ಚಾದರ್‌ಘಾಟ್ ಮುಂತಾದ ಕಡೆಯ ಶಾಲೆಗಳಲ್ಲಿ ಅವರು ಪಾಠ ಹೇಳಿದರು. ಮುಂದೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿಕೊಂಡು ಮಕ್ಕಳ ಆಟೋಟಗಳ ಹೊಣೆಯನ್ನೂ ಹೊತ್ತರು. ಆಟಗಾರರಾಗಿ ಅವರು ದೇಶಕ್ಕೆಲ್ಲ ಹೆಸರಾದವರಲ್ಲ. ಅವರು ದೊಡ್ಡವರಾದದ್ದು ಮೈದಾನದ ಗೆರೆಯಿಂದ ಹೊರಗೆ ಬಂದು ನಿಂತ ಮೇಲೆ.

1943ರಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಕೊನೆಯುಸಿರಿನವರೆಗೂ ಆ ಕೆಲಸ ಬಿಡಲಿಲ್ಲ. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೆ ತರಬೇತುದಾರರಾದರು. ಆ ಕಾಲದಲ್ಲಿ ಫುಟ್‌ಬಾಲ್ ಎಂದರೆ ಕಲ್ಕತ್ತಾ ಎಂಬ ಮಾತಿತ್ತು. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ತಂಡಗಳ ಹೆಸರಿನ ಮುಂದೆ ಒಂದು ಪೊಲೀಸ್ ತಂಡ ಎಷ್ಟರದು? ಆದರೆ ರಹೀಂ ಅವರ ಕೈಕೆಳಗೆ ಆ ಪೊಲೀಸರು ಮುಂಬಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತ 5 ವರ್ಷ ಗೆದ್ದರು. ಡ್ಯುರಾಂಡ್ ಕಪ್ ಕೂಡ ಹಲವು ಬಾರಿ ಅವರದಾಯಿತು. 1956-57 ಮತ್ತು 1957-58ರಲ್ಲಿ ಹೈದರಾಬಾದ್ ರಾಜ್ಯ ತಂಡ ಸಂತೋಷ್ ಟ್ರೋಫಿಯನ್ನೂ ಬೆನ್ನುಬೆನ್ನಿಗೆ ಗೆದ್ದಿತು.

ಇದು ಹೇಗೆ ಸಾಧ್ಯವಾಯಿತು? ರಹೀಂ ಅವರು ಮೈದಾನವನ್ನೂ ಒಂದು ತರಗತಿಯಂತೆ ಕಂಡರು. ಒಳ್ಳೆಯ ಮೇಷ್ಟ್ರು ಮೊದಲು ನೋಡುವುದು ಮಗುವಿಗೆ ಬಾರದ ಪಾಠ ಯಾವುದು ಎಂಬುದನ್ನು. ರಹೀಂ ಅವರೂ ಹಾಗೆಯೇ ಮಾಡಿದರು. ಬಹುಪಾಲು ಹುಡುಗರಿಗೆ ಬಲಗಾಲು ಮಾತ್ರ ಚುರುಕು, ಎಡಗಾಲು ಬರೀ ಆಸರೆಗೆ. ಅದಕ್ಕಾಗಿ ದುರ್ಬಲವಾದ ಕಾಲಿನಿಂದಲೇ ಚೆಂಡು ಒದೆಯಬೇಕು ಎಂಬ ನಿಯಮ ಹಾಕಿ ಕಿರಿಯರಿಗೆ ಪಂದ್ಯಾವಳಿ ನಡೆಸಿದರು. ಕೆಲವರು ಚೆಂಡು ಸಿಕ್ಕರೆ ಬಿಡದೆ ಒಬ್ಬರೇ ಓಡುತ್ತಿದ್ದರು. ಅಂಥವರಿಗಾಗಿ ಚೆಂಡನ್ನು ಹೀಗೆ ಒಬ್ಬರೇ ಒಯ್ಯದೆ ಆಡುವ ಪಂದ್ಯಾವಳಿಗಳನ್ನೂ ಏರ್ಪಡಿಸಿದರು. ಚೆಂಡು ಸಿಕ್ಕೊಡನೆ ಗೆಳೆಯನಿಗೆ ದಾಟಿಸು, ದಾಟಿಸಿದ ಮೇಲೆ ಸುಮ್ಮನೆ ನಿಲ್ಲದೆ ಖಾಲಿ ಜಾಗಕ್ಕೆ ಓಡು ಎಂಬುದು ಅವರ ಪಾಠದ ತಿರುಳು. ಹನ್ನೊಂದು ಮಂದಿ ಒಬ್ಬರ ಹಾಗೆ ಯೋಚಿಸಬೇಕು ಎಂಬುದೇ ಅವರ ಆಸೆ. ಜನ ಅವರನ್ನು ಪ್ರೀತಿಯಿಂದ ರಹೀಂ ಸಾಬ್ ಎಂದು ಕರೆಯುತ್ತಿದ್ದರು.

ಶಿಷ್ಯರನ್ನು ಹುಡುಕುವ ಕಣ್ಣೂ ಅವರಿಗಿತ್ತು. ಸಿಕಂದರಾಬಾದಿನ ಹೊರಗಿನ ಅಮ್ಮುಗುಡದಲ್ಲಿ ತುಳಸಿದಾಸ್ ಬಲರಾಂ ಎಂಬ ಬಡ ಮನೆಯ ಹುಡುಗನಿದ್ದ. ಅವನ ಆಟ ರಹೀಂ ಅವರ ಕಣ್ಣಿಗೆ ಬಿತ್ತು. ಅಷ್ಟು ದೂರದಿಂದ ದಿನವೂ ಅಭ್ಯಾಸಕ್ಕೆ ಬರಲು ಹುಡುಗನ ಬಳಿ ಕಾಸಿರಲಿಲ್ಲ. ರಹೀಂ ಅವರು ಅವನಿಗೆ ಸೈಕಲ್ಲಿನ ವ್ಯವಸ್ಥೆ ಮಾಡಿಸಿದರು. ಆ ಸೈಕಲ್ಲು ತುಳಿದುಕೊಂಡು ಬಂದ ಹುಡುಗನೇ ಮುಂದೆ 1956 ಮತ್ತು 1960ರ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಆಡಿದ. ಪ್ರತಿಭೆ ಎಲ್ಲ ಮನೆಗಳಲ್ಲೂ ಹುಟ್ಟುತ್ತದೆ, ಆದರೆ ಸೈಕಲ್ಲು ಎಲ್ಲ ಮನೆಗಳಲ್ಲೂ ಇರುವುದಿಲ್ಲ. ಇದನ್ನು ಅರಿತವರೇ ಗುರುಗಳು.

1951ರಲ್ಲಿ ಮೊಟ್ಟಮೊದಲ ಏಷ್ಯನ್ ಕ್ರೀಡಾಕೂಟ ದೆಹಲಿಯಲ್ಲಿ ನಡೆಯಿತು. ಭಾರತ ತಂಡದ ತರಬೇತಿ ರಹೀಂ ಅವರದು, ನಾಯಕ ಬಂಗಾಳದ ಶೈಲೇನ್ ಮನ್ನಾ. ಅಂತಿಮ ಪಂದ್ಯದಲ್ಲಿ ಸಾಹು ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಭಾರತ ಇರಾನನ್ನು ಸೋಲಿಸಿ ಚಿನ್ನ ಗೆದ್ದಿತು. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಕೂಡ ಇದ್ದರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಐವರು ಮುಂಚೂಣಿ ಆಟಗಾರರನ್ನು ಜನ ಪಂಚಪಾಂಡವರು ಎಂದು ಕರೆಯುತ್ತಿದ್ದರು. ಅಹ್ಮದ್ ಖಾನ್ ಆ ಐವರಲ್ಲಿ ಒಬ್ಬರು.

ಮರುವರ್ಷವೇ ದೊಡ್ಡ ಪೆಟ್ಟು ಬಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಾದ ಎದುರು 10-1 ಗೋಲುಗಳಿಂದ ಸೋತಿತು. ಆ ಒಂದು ಗೋಲನ್ನು ಹೊಡೆದವರು ಅಹ್ಮದ್ ಖಾನ್. ನಮ್ಮವರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಿನಲ್ಲಿ. ನಮ್ಮ ಒಣ ನೆಲದಲ್ಲಿ ನಡೆಯುತ್ತಿದ್ದ ಆ ಆಟ ಯೂರೋಪಿನ ಚಳಿಯಲ್ಲಿ, ಒದ್ದೆ ಹುಲ್ಲಿನ ಮೇಲೆ ನಡೆಯಲಿಲ್ಲ. ಅದಾದ ಮೇಲೆ ಭಾರತದಲ್ಲಿ ಬೂಟು ಹಾಕಿ ಆಡುವುದು ಕಡ್ಡಾಯವಾಯಿತು. ಇಂಥ ಸೋಲಿನ ನಂತರ ಎಷ್ಟೋ ಮಂದಿ ಕೈಚೆಲ್ಲಿ ಕೂರುತ್ತಾರೆ. ರಹೀಂ ಅವರು ಮಾತ್ರ ತಾವೇ ವಿದ್ಯಾರ್ಥಿಯಾದರು. ಯೂರೋಪಿನ ತಂಡಗಳು, ಅದರಲ್ಲೂ ಹಂಗೇರಿಯವರು, ಆಡುತ್ತಿದ್ದ ರೀತಿಯನ್ನು ಗಮನವಿಟ್ಟು ಕಂಡು, ನಮ್ಮ ಹುಡುಗರ ಮೈಕಟ್ಟಿಗೆ ಯಾವುದು ಒಗ್ಗುತ್ತದೆ ಎಂದು ಯೋಚಿಸಿದರು. ನಮ್ಮವರಿಗೆ ಯೂರೋಪಿನವರ ಎತ್ತರವಿಲ್ಲ, ತೂಕವಿಲ್ಲ. ಹಾಗಾದರೆ ನೆಲಮಟ್ಟದಲ್ಲಿ, ಚಿಕ್ಕ ಚಿಕ್ಕ ಪಾಸುಗಳಲ್ಲಿ, ವೇಗವಾಗಿ ಆಡಬೇಕು ಎಂದು ತೀರ್ಮಾನಿಸಿದರು.

ಅದರ ಫಲ 4 ವರ್ಷಗಳ ನಂತರ ಕಂಡಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಆ ಪಂದ್ಯದಲ್ಲಿ 3 ಗೋಲು ಹೊಡೆದರು. ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಾಕ್ಕೆ, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾಕ್ಕೆ ಸೋತು ಭಾರತ 4ನೆಯ ಸ್ಥಾನ ಪಡೆಯಿತು. ಒಲಿಂಪಿಕ್ಸ್‌ನ ಸೆಮಿಫೈನಲ್ ತಲುಪಿದ ಏಷ್ಯಾದ ಮೊದಲ ಫುಟ್‌ಬಾಲ್ ತಂಡ ನಮ್ಮದೇ. 1960ರ ರೋಮ್ ಒಲಿಂಪಿಕ್ಸ್‌ನಲ್ಲೂ ಭಾರತ ಬಲಿಷ್ಠ ಹಂಗೇರಿಗೆ ಒಂದೇ ಗೋಲಿನ ಅಂತರದಿಂದ ಸೋತು, ಫ್ರಾನ್ಸ್ ಜೊತೆ 1-1ರ ಸಮ ಮಾಡಿಕೊಂಡಿತು.

ಈಗ ಅವರ ಬಾಳಿನ ಕೊನೆಯ ದೊಡ್ಡ ಪರೀಕ್ಷೆಗೆ ಬರೋಣ. 1962ರ ಏಷ್ಯನ್ ಕ್ರೀಡಾಕೂಟ ಇಂಡೋನೇಷ್ಯಾದ ಜಕಾರ್ತದಲ್ಲಿ ನಡೆಯಿತು. ಆ ಹೊತ್ತಿಗೆ ರಹೀಂ ಅವರ ಆರೋಗ್ಯ ಹದಗೆಟ್ಟಿತ್ತು. ಶ್ವಾಸಕೋಶದ ಕ್ಯಾನ್ಸರ್ ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಆದರೂ ಅವರು ತಂಡದ ಜೊತೆ ಹೋದರು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾದ ಎದುರು 2-0 ಸೋಲು. ಎರಡನೆಯ ಪಂದ್ಯದಲ್ಲಿ ಥಾಯ್ಲೆಂಡನ್ನು 4-1ರಿಂದ ಸೋಲಿಸಿದರೂ, ರಕ್ಷಣೆಯ ಗೋಡೆಯಂತಿದ್ದ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಬಳಿಕ ಜಪಾನನ್ನು 2-0ರಿಂದ ಮಣಿಸಿ ಭಾರತ ಸೆಮಿಫೈನಲ್ ತಲುಪಿತು.

ಅಲ್ಲಿ ರಹೀಂ ಅವರು ಯಾರೂ ಎಣಿಸದ ಕೆಲಸ ಮಾಡಿದರು. ಗಾಯಗೊಂಡ ಜರ್ನೈಲ್ ಅವರನ್ನು ಹಿಂದಿನ ಸಾಲಿನಿಂದ ತೆಗೆದು, ಗೋಲು ಹೊಡೆಯುವ ಮುಂದಿನ ಸಾಲಿಗೆ ತಂದರು. ತಲೆಗೆ ಪಟ್ಟಿ ಕಟ್ಟಿಕೊಂಡೇ ಆಡಿದ ಜರ್ನೈಲ್ ಒಂದು ಗೋಲು ಹೊಡೆದರು. ದಕ್ಷಿಣ ವಿಯೆಟ್ನಾಂ ವಿರುದ್ಧ 3-2ರಿಂದ ಗೆದ್ದು ಭಾರತ ಅಂತಿಮ ಪಂದ್ಯಕ್ಕೆ ಬಂತು. ಎದುರಾಳಿ ಮತ್ತೆ ಅದೇ ದಕ್ಷಿಣ ಕೊರಿಯಾ.

ಹೊರಗಿನ ವಾತಾವರಣವೂ ನಮ್ಮ ಪರವಾಗಿರಲಿಲ್ಲ. ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳಿಗೆ ಇಂಡೋನೇಷ್ಯಾ ಬರಲು ಅವಕಾಶ ಕೊಟ್ಟಿರಲಿಲ್ಲ. ಭಾರತದ ಕ್ರೀಡಾ ಅಧಿಕಾರಿ ಜಿ. ಡಿ. ಸೋಂಧಿ ಅವರು ಇದನ್ನು ಆಕ್ಷೇಪಿಸಿದ್ದರಿಂದ ಅಲ್ಲಿನ ಜನ ಭಾರತದ ಮೇಲೆ ಸಿಟ್ಟಾಗಿದ್ದರು. ಭಾರತದ ರಾಯಭಾರ ಕಚೇರಿಯ ಮೇಲೆ ಗುಂಪು ದಾಳಿಯನ್ನೂ ಮಾಡಿತ್ತು. ಪಂದ್ಯದ ಹಿಂದಿನ ರಾತ್ರಿ ರಹೀಂ ಅವರು ಹುಡುಗರನ್ನು ಕೂರಿಸಿಕೊಂಡು, ತಮಗೆ ಒಂದು ಉಡುಗೊರೆ ಬೇಕು, ಅದು ನಾಳೆಯ ಚಿನ್ನ ಎಂದು ಕೇಳಿಕೊಂಡರೆಂದು ಆ ಆಟಗಾರರು ಮುಂದೆ ನೆನೆಸಿಕೊಳ್ಳುತ್ತಿದ್ದರು.

1962ರ ಸೆಪ್ಟೆಂಬರ್ 4. ಜಕಾರ್ತದ ಸೆನಾಯನ್ ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಜನ ಸೇರಿದ್ದರು. ಭಾರತದ ಆಟಗಾರರು ಕಾಲಿಟ್ಟಾಗಿನಿಂದಲೂ ಕೂಗಾಟ, ಗೇಲಿ. ಆ ಜನಸಾಗರದ ನಡುವೆ ನಮ್ಮವರಿಗೆ ಬೆಂಬಲವಾಗಿ ಚಪ್ಪಾಳೆ ತಟ್ಟಿದವರು ಪಾಕಿಸ್ತಾನದ ಹಾಕಿ ಆಟಗಾರರು. ಜ್ವರದಿಂದ ಎದ್ದಿದ್ದ ಎತ್ತರದ ಗೋಲ್‌ಕೀಪರ್ ಪೀಟರ್ ತಂಗರಾಜ್ ಅವರನ್ನು ರಹೀಂ ಅವರು ಮತ್ತೆ ಕಣಕ್ಕಿಳಿಸಿದ್ದರು. 17ನೆಯ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿ ಗೋಲು ಹೊಡೆದರು. 3 ನಿಮಿಷಗಳಲ್ಲೇ ತಲೆಗೆ ಪಟ್ಟಿ ಕಟ್ಟಿದ್ದ ಜರ್ನೈಲ್ ಎರಡನೆಯ ಗೋಲು ಹೊಡೆದರು. ಕೊನೆಯ ಹಂತದಲ್ಲಿ ಕೊರಿಯಾ ಒಂದು ಗೋಲು ತೀರಿಸಿತು, ಎರಡನೆಯದಕ್ಕೆ ನಮ್ಮವರು ಅವಕಾಶ ಕೊಡಲಿಲ್ಲ. ಚುನಿ ಗೋಸ್ವಾಮಿ ನಾಯಕತ್ವದ ಭಾರತ 2-1ರಿಂದ ಚಿನ್ನ ಗೆದ್ದಿತು. ಶಿಷ್ಯರು ಗುರುದಕ್ಷಿಣೆ ಸಲ್ಲಿಸಿದ್ದರು. ಬೆಂಗಳೂರಿನ ಅರುಮೈನಾಯಗಂ ಕೂಡ ಆ ತಂಡದ ಸದಸ್ಯರಾಗಿದ್ದರು ಎಂಬುದು ನಮಗೆ ಹೆಮ್ಮೆಯ ವಿಷಯ.

ಅದಾಗಿ 9 ತಿಂಗಳಿಗೆ, 1963ರ ಜೂನ್ 11ರಂದು ರಹೀಂ ಅವರು ತೀರಿಕೊಂಡರು. ಅವರಿಗಾಗ 53 ವರ್ಷ. 1970ರ ಬ್ಯಾಂಕಾಕ್ ಕೂಟದಲ್ಲಿ ಭಾರತ ಕಂಚು ಗೆದ್ದಿತು. ಆದರೆ 2023ರ ಹಾಂಗ್‌ಝೌ ಕೂಟದವರೆಗೂ ಫುಟ್‌ಬಾಲ್‌ನ ಚಿನ್ನ ಮತ್ತೆ ನಮ್ಮದಾಗಲಿಲ್ಲ. ತರಬೇತುದಾರರಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿಯನ್ನು ಸರಕಾರ ಆರಂಭಿಸಿದ್ದು 1985ರಲ್ಲಿ, ಅಂದರೆ ರಹೀಂ ಅವರು ಹೋಗಿ 22 ವರ್ಷಗಳಾದ ಮೇಲೆ. 2024ರಲ್ಲಿ ಅಜಯ್ ದೇವಗನ್ ನಟಿಸಿದ ಮೈದಾನ್ ಎಂಬ ಹಿಂದಿ ಚಿತ್ರ ಬಂದಾಗಲೇ ಎಷ್ಟೋ ಮನೆಗಳಲ್ಲಿ ಅವರ ಹೆಸರು ಮೊದಲ ಬಾರಿಗೆ ಕೇಳಿಬಂದದ್ದು.

ಆದರೂ ಅವರ ಪಾಠ ಅವರೊಂದಿಗೆ ಮಣ್ಣಾಗಲಿಲ್ಲ. ಅವರ ಶಿಷ್ಯ ಪಿ. ಕೆ. ಬ್ಯಾನರ್ಜಿ ಅವರೂ ಆಟ ನಿಲ್ಲಿಸಿದ ಮೇಲೆ ತರಬೇತುದಾರರಾಗಿ ಹೆಸರು ಮಾಡಿದರು. ರಹೀಂ ಅವರ ಮಗ ಸೈಯದ್ ಶಾಹಿದ್ ಹಕೀಂ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದವರು. ಮುಂದೆ ಅಂತರರಾಷ್ಟ್ರೀಯ ರೆಫರಿಯಾಗಿ, ತರಬೇತುದಾರರಾಗಿ ದುಡಿದು 2021ರಲ್ಲಿ ನಿಧನರಾದರು. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚುವ ಹಾಗೆ ಈ ವಿದ್ಯೆ ಕೈಯಿಂದ ಕೈಗೆ ಹೋಯಿತು.

ಪಾಲಕರಲ್ಲಿ ನಮ್ಮದೊಂದು ಮನವಿ. ಪರೀಕ್ಷೆ ಹತ್ತಿರ ಬಂದಾಗ ನಾವೆಲ್ಲರೂ ಮೊದಲು ಕತ್ತರಿ ಹಾಕುವುದು ಮಕ್ಕಳ ಆಟದ ಸಮಯಕ್ಕೆ. ಭಾಷೆ ಕಲಿಸುವ ನಾವೂ ಪಾಠ ಮುಗಿದಿಲ್ಲವೆಂದು ಪಿ.ಟಿ. ಪಿರಿಯಡ್ ಕೇಳಿ ಪಡೆದದ್ದುಂಟು. ರಹೀಂ ಅವರ ಬಾಳು ಓದಿದ ಮೇಲೆ ಹಾಗೆ ಕೇಳಲು ನಮಗೆ ಸಂಕೋಚವಾಗುತ್ತದೆ. ಸೋಲನ್ನು ತಾಳಿಕೊಳ್ಳುವುದು, ಚೆಂಡನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು, ತನ್ನ ದುರ್ಬಲ ಕಾಲನ್ನು ತಾನೇ ಬಲಪಡಿಸಿಕೊಳ್ಳುವುದು, ಇವೂ ಪಾಠಗಳೇ. ಇವನ್ನು ಕಪ್ಪು ಹಲಗೆಯ ಮೇಲೆ ಬರೆದು ಕಲಿಸಲು ಬರುವುದಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಎಲ್ಲರೂ ದೊಡ್ಡ ಆಟಗಾರರಾಗಲಾರಿರಿ. ರಹೀಂ ಅವರೂ ಆಗಲಿಲ್ಲ. ಆದರೆ ತಾವು ಕಲಿತದ್ದನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ನಾಳೆ ಸಂಜೆ ಆಡಲು ಹೋದಾಗ, ಆಡಲು ಬಾರದೆ ಬದಿಯಲ್ಲಿ ನಿಂತ ಚಿಕ್ಕ ಹುಡುಗನನ್ನೋ ಹುಡುಗಿಯನ್ನೋ ಕರೆದು ಚೆಂಡು ಒದೆಯುವುದನ್ನು ಹೇಳಿಕೊಡಿ. ರಹೀಂ ಸಾಹೇಬರನ್ನು ನೆನೆಯಲು ಅದಕ್ಕಿಂತ ಒಳ್ಳೆಯ ದಾರಿ ನಮಗೆ ಕಾಣುವುದಿಲ್ಲ.